ಪ್ರಶ್ನೆ ಕೇಳಿದ್ರೆ ದೇವರು ಬಿಟ್ಟು ಹೋಗ್ತಾರಾ?

1/5

ಫೋಟೋದಲ್ಲಿ ಇರೋದು ಒಂದು ಖಾಲಿ ಸ್ಟೀಲ್ ಡಬ್ಬಿ. ಎರಡು ವರ್ಷ ನನ್ನ ಹತ್ರಾನೇ ಇತ್ತು. ವಾಪಸ್ ಕೊಡೋಕೆ ಮುಖ ಇರಲಿಲ್ಲ. ಈ ಐದು ಪೋಸ್ಟ್ ಆ ಡಬ್ಬಿ ಬಗ್ಗೆ, ನನ್ನ ನಂಬಿಕೆ ಬಗ್ಗೆ.

ಸೆಕೆಂಡ್ ಇಯರ್‌ನಲ್ಲಿ ಇದ್ದಾಗ ನನ್ನ ರೂಮ್‌ಮೇಟ್ ಅಪ್ಪ ತೀರಿಕೊಂಡ್ರು. ರಾತ್ರಿ ಫೋನ್ ಬಂತು, ಬೆಳಗಿನ ಮೊದಲ ಬಸ್ಸಿಗೆ ಅವಳು ಊರಿಗೆ ಹೋದ್ಲು. ಆಗ ನಾನು ಬೆಂಗಳೂರಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗ್ತಿದ್ದೆ. ಶನಿವಾರ ಕೂಟದಲ್ಲಿ, ಅವಳಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಕೇಳಿದೆ. ನಮ್ಮನ್ನ ನಡೆಸ್ತಿದ್ದ ಬ್ರದರ್ ಹೇಳಿದ್ರು: ಅವಳ ಅಪ್ಪ ಯೇಸುವನ್ನ ಒಪ್ಪಿಕೊಳ್ಳದೆ ಸತ್ತರು, ಎಲ್ಲಿಗೆ ಹೋಗಿದಾರೆ ಅಂತ ನಿನಗೇ ಗೊತ್ತು. ಈಗ ಅವಳ ಮನಸ್ಸು ಮೆತ್ತಗಿರುತ್ತೆ, ಸಾಕ್ಷಿ ಹೇಳೋಕೆ ಇದೇ ಸಮಯ.

13ನೇ ದಿನದ ಕಾರ್ಯಕ್ಕೆ ಬಾ ಅಂತ ಅವಳು ಕರೆದಳು. ಆ ಊಟ ವಿಗ್ರಹಕ್ಕೆ ಇಟ್ಟಿದ್ದು, ಮುಟ್ಟಬೇಡ ಅಂತ ಕೂಟದಲ್ಲಿ ಹೇಳಿದ್ರು. ನನಗೆ ಜ್ವರ ಅಂತ ಅವಳಿಗೆ ಸುಳ್ಳು ಹೇಳಿದೆ.

ವಾಪಸ್ ಬಂದವಳು ಬ್ಯಾಗ್ ಇಳಿಸೋಕೂ ಮುಂಚೆ ಕೇಳಿದ್ಲು, "ಜ್ವರ ಬಿಡ್ತಾ?" ಅವಳ ಅಮ್ಮ ನನಗೆ ಅಂತ ಈ ಡಬ್ಬಿ ತುಂಬ ರವೆ ಉಂಡೆ ಕಳಿಸಿದ್ರು. ಅವಳು ಸ್ನಾನಕ್ಕೆ ಹೋದಾಗ ಎಲ್ಲಾನೂ ಡಸ್ಟ್‌ಬಿನ್‌ಗೆ ಸುರಿದೆ. ಕಾಣಬಾರದು ಅಂತ ಮೇಲೆ ಪೇಪರ್ ಮುಚ್ಚಿದೆ.

ಅವತ್ತು ನಾನು ತುಂಬಾ ಭಕ್ತಿವಂತೆ ಅಂದ್ಕೊಂಡಿದ್ದೆ.

2/5

ನಿನ್ನೆ ಪೋಸ್ಟ್ ಓದಿ "ಎಂಥಾ ಜನ ಅವರು" ಅಂತ ಸುಮಾರು ಜನ ಮೆಸೇಜ್ ಮಾಡಿದ್ರಿ. ಸ್ವಲ್ಪ ತಡೀರಿ. ಅವರು ಕೆಟ್ಟವರಲ್ಲ.

ನಾನು ಗದಗ ಕಡೆಯವಳು. ಫಸ್ಟ್ ಇಯರ್‌ಗೆ ಬೆಂಗಳೂರಿಗೆ ಬಂದಾಗ ನನಗೆ ಯಾರೂ ಗೊತ್ತಿರಲಿಲ್ಲ. ನಿಜವಾಗಲೂ ಡೆಂಗ್ಯೂ ಬಂದು ಮಲಗಿದಾಗ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಈ ಕೂಟದವರೇ. ಒಬ್ಬ ಅಕ್ಕ ಇಡೀ ರಾತ್ರಿ ಪಕ್ಕದಲ್ಲಿ ಕೂತಿದ್ಲು. ಆ ಋಣ ನನ್ನ ಮೇಲೆ ಇದ್ದೇ ಇದೆ.

ಅದಕ್ಕೇ ನಿಧಾನಕ್ಕೆ ಬಂದ ಪಟ್ಟಿ ನನಗೆ ಭಾರ ಅನ್ನಿಸಲಿಲ್ಲ. ಸಿನಿಮಾ ಬೇಡ. ದೀಪಾವಳಿಗೆ ಫ್ರೆಂಡ್ಸ್ ಮನೆ ಬೇಡ. ನಮ್ಮ ಅಜ್ಜಿ ಹೋಗೋ ಸಿಎಸ್ಐ ಚರ್ಚು "ಸತ್ತ ಸಭೆ". ಯಾರು ಒಳಗೆ, ಯಾರು ಹೊರಗೆ ಅನ್ನೋದು ಪಕ್ಕಾ. ಎಲ್ಲಾ ಗೊಂದಲ ಇರೋ 18ನೇ ವಯಸ್ಸಲ್ಲಿ ಇಷ್ಟು ಪಕ್ಕಾ ಉತ್ತರ ಸಿಕ್ಕರೆ ಎಷ್ಟು ಹಾಯಾಗಿರುತ್ತೆ ಗೊತ್ತಾ?

ಒಂದು ಸಲ ಮಾತ್ರ ಪ್ರಶ್ನೆ ಕೇಳಿದ್ದೆ. ಆದಿಕಾಂಡದ ಮೊದಲನೇ ಅಧ್ಯಾಯದಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಆಮೇಲೆ. ಎರಡನೇ ಅಧ್ಯಾಯದಲ್ಲಿ ಮನುಷ್ಯ ಮೊದಲು, ಪ್ರಾಣಿಗಳು ಆಮೇಲೆ. ಅಕ್ಷರ ಅಕ್ಷರ ಹಾಗೇ ನಡೀತು ಅಂದ್ರೆ ಯಾವುದು ಸರಿ? ಹುಡುಗಾಟಕ್ಕೆ ಕೇಳಿದ್ದಲ್ಲ. ಸಂಶಯ ಅಂದ್ರೆ ಸೈತಾನನಿಗೆ ಬಾಗಿಲು ತೆಗೆದ ಹಾಗೆ ಅಂತ ಉತ್ತರ ಬಂತು. ಎಲ್ಲರೂ ಸೇರಿ ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು. ನನ್ನ ಪ್ರಶ್ನೆ ಅವರಿಗೆ ಕಾಯಿಲೆ ಥರ ಕಂಡಿತ್ತು.

ಅದಾದ ಮೇಲೆ ನಾನು ಏನೂ ಕೇಳಲಿಲ್ಲ. ಡಬ್ಬಿ ಖಾಲಿ ಮಾಡೋವರೆಗೂ.

3/5

ಡಬ್ಬಿ ಖಾಲಿ ಆದ್ಮೇಲೆ ನನಗೆ ನಿದ್ದೆ ಬರ್ತಿರಲಿಲ್ಲ. ಕೂಟದಲ್ಲಿ ಯಾವಾಗಲೂ ಹೇಳ್ತಿದ್ರು, ನಮ್ಮದೇ ಹಳೇ ನಂಬಿಕೆ, ಅಪೊಸ್ತಲರ ಕಾಲದ್ದು ಅಂತ. ಹೌದಾ ನೋಡೋಣ ಅಂತ ಲೈಬ್ರರಿಯಲ್ಲಿ ಓದೋಕೆ ಶುರು ಮಾಡಿದೆ.

'ಮೂಲಭೂತವಾದಿ' ಅನ್ನೋ ಪದಕ್ಕೆ ಸುಮಾರು ನೂರು ವರ್ಷ ಅಷ್ಟೇ. 1910ರಿಂದ 1915ರವರೆಗೆ ಅಮೆರಿಕದಲ್ಲಿ 'ದಿ ಫಂಡಮೆಂಟಲ್ಸ್' ಅಂತ 12 ಸಂಪುಟಗಳು ಬಂದವು, 90 ಲೇಖನ. ಲೈಮನ್ ಸ್ಟೀವರ್ಟ್ ಅನ್ನೋ ಎಣ್ಣೆ ಉದ್ಯಮಿ ದುಡ್ಡು ಹಾಕಿ ಪಾದ್ರಿಗಳಿಗೆಲ್ಲ ಪುಕ್ಕಟೆ ಹಂಚಿಸಿದ. 1920ರಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಸಂಪಾದಕ ಆ ಹೆಸರನ್ನ ಹೆಮ್ಮೆಯಿಂದಾನೇ ಬಳಸಿದ. 1925ರಲ್ಲಿ ಟೆನೆಸ್ಸಿಯ ಡೇಟನ್ ಊರಲ್ಲಿ ವಿಕಾಸವಾದ ಪಾಠ ಮಾಡಿದ್ದಕ್ಕೆ ಜಾನ್ ಸ್ಕೋಪ್ಸ್ ಅನ್ನೋ ಮೇಷ್ಟ್ರಿಗೆ 100 ಡಾಲರ್ ದಂಡ ಬಿತ್ತು. ತಮಾಷೆ ಅಂದ್ರೆ ಆ 12 ಸಂಪುಟಗಳಿಗೆ ಬರೆದ ಜೇಮ್ಸ್ ಓರ್‌ಗೆ ವಿಕಾಸವಾದದ ಬಗ್ಗೆ ಅಷ್ಟು ಭಯ ಇರಲೇ ಇಲ್ಲ. ಭಯ ಆಮೇಲೆ ಬೆಳೆದಿದ್ದು.

ಇನ್ನೂ ಹಿಂದೆ ಹೋದ್ರೆ ಸುಮಾರು 1,600 ವರ್ಷದ ಹಿಂದೆ ಸಂತ ಆಗಸ್ಟೀನ್ ಆದಿಕಾಂಡದ ಬಗ್ಗೆ ಬರೀತಾ ಎಚ್ಚರಿಕೆ ಕೊಟ್ಟಿದ್ದ: ಭೂಮಿ ಆಕಾಶದ ವಿಷಯದಲ್ಲಿ ಗೊತ್ತಿಲ್ಲದೆ ಮಾತಾಡಿ, ಅದೇ ವೇದ ಅಂತ ಹಟ ಹಿಡಿದ್ರೆ ತಿಳಿದವರು ನಮ್ಮ ವೇದಾನೇ ನೋಡಿ ನಗ್ತಾರೆ ಅಂತ.

ಪಕ್ಕಾ ವಚನ ತೋರಿಸಿ ತಪ್ಪು ಮಾಡಿದ್ದಕ್ಕೂ ಲೆಕ್ಕ ಇದೆ. ಗುಲಾಮಗಿರಿ ಸರಿ ಅಂತ ಅಮೆರಿಕದ ದಕ್ಷಿಣದ ಪಾದ್ರಿಗಳು ಬೈಬಲ್ ತೆರೆದೇ ವಾದ ಮಾಡಿದ್ರು. ಅದೇ ಜಗಳದಲ್ಲಿ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಬೇರೆ ಆಯ್ತು. ಅವರು ಕ್ಷಮೆ ಕೇಳಿದ್ದು 1995ರಲ್ಲಿ. 150 ವರ್ಷ.

ನಮ್ಮ ಕಡೆ ನೋಡಿ. ಅಜ್ಜಿಯ "ಸತ್ತ ಸಭೆ" ಬಾಸೆಲ್ ಮಿಷನ್‌ನಿಂದ ಬಂದಿದ್ದು. ಅದೇ ಮಿಷನ್‌ನ ಕಿಟೆಲ್ 1894ರಲ್ಲಿ ನಮಗೆ ನಿಘಂಟು ಕೊಟ್ಟ, ಜೈನ ಪಂಡಿತ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಅಚ್ಚು ಹಾಕಿಸಿದ. ಬೇರೆ ಧರ್ಮದವನ ಪುಸ್ತಕ ಮುಟ್ಟಿದ್ರೆ ನಂಬಿಕೆ ಕರಗುತ್ತೆ ಅಂತ ಅವನಿಗೆ ಅನ್ನಿಸಲಿಲ್ಲ. ನಾನು ರವೆ ಉಂಡೆಗೆ ಹೆದರಿದ್ದೆ.

4/5

ಇವತ್ತಿನ ಫೋಟೋ ಅಜ್ಜಿಯ ಸತ್ಯವೇದ. ರಟ್ಟು ಕಿತ್ತು ಬಂದಿದೆ, ಒಳಗೆ ಹಳೇ ಲೈಟ್ ಬಿಲ್ಲುಗಳೂ ಇವೆ.

ರಜೆಗೆ ಊರಿಗೆ ಹೋದಾಗ ಅದನ್ನ ಮೊದಲಿಂದ ಓದಿದೆ, ಯಾರ ವಿವರಣೆನೂ ಇಲ್ಲದೆ. ಧರ್ಮೋಪದೇಶಕಾಂಡ 23ರಲ್ಲಿ ಮೋವಾಬ್ಯರು ಹತ್ತನೇ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದು ಅಂತಿದೆ. ಸ್ವಲ್ಪ ಮುಂದೆ ಹೋದ್ರೆ ರೂತಳ ಕಥೆ. ಅವಳು ಮೋವಾಬ್ಯಳು. ದಾವೀದ ಅರಸನ ಮುತ್ತಜ್ಜಿ ಅವಳೇ. ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗ ಅವಳ ಹೆಸರು ಬಿಡಲಿಲ್ಲ. ಅಂದ್ರೆ ವೇದ ತನ್ನೊಳಗೇ ಜಗಳ ಆಡುತ್ತೆ, ವಾದ ಮಾಡುತ್ತೆ. ಆ ಜಗಳ ಮುಚ್ಚಿಟ್ಟು ಒಂದೇ ದನಿ ಕೇಳಿಸಿದ್ರೆ ಅದು ವೇದಕ್ಕೆ ಮಾಡೋ ಮರ್ಯಾದೆ ಹೇಗಾಗುತ್ತೆ?

ಊಟದ ವಿಷಯ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಪೌಲ ಎರಡೂ ಹೇಳ್ತಾನೆ. ನಂಬದವರು ಊಟಕ್ಕೆ ಕರೆದ್ರೆ ಬಡಿಸಿದ್ದನ್ನ ವಿಚಾರಣೆ ಮಾಡದೆ ತಿನ್ನು. ಇದು ಅರ್ಪಿಸಿದ್ದು ಅಂತ ಯಾರಾದ್ರೂ ಹೇಳಿದ್ರೆ ಅವರ ಮನಸ್ಸಾಕ್ಷಿಗೋಸ್ಕರ ಬಿಡು. ಎರಡಕ್ಕೂ ಅಳತೆ ಒಂದೇ, ಎದುರಿನವರಿಗೆ ಯಾವುದು ಒಳ್ಳೇದು. ನನಗೆ ಅರ್ಧ ಮಾತ್ರ ಓದಿಸಿದ್ರು. ಅಳತೆ ಹೇಳಲೇ ಇಲ್ಲ.

ನನ್ನನ್ನ ಮುರಿದಿದ್ದು ಯೋಬನ ಪುಸ್ತಕ. ಮಕ್ಕಳನ್ನ ಕಳ್ಕೊಂಡ ಯೋಬನ ಹತ್ರ ಮೂರು ಸ್ನೇಹಿತರು ಬರ್ತಾರೆ. ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಕೂರ್ತಾರೆ. ಆಮೇಲೆ ಬಾಯಿ ತೆಗೆದು ಸಿದ್ಧಾಂತ ಹೇಳೋಕೆ ಶುರು ಮಾಡ್ತಾರೆ. ಕೊನೆಗೆ ದೇವರಿಗೆ ಸಿಟ್ಟು ಬರೋದು ದೇವರ ಮೇಲೇ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಈ ಸ್ನೇಹಿತರ ಮೇಲೆ.

ರಾತ್ರಿ ಅಜ್ಜಿಗೆ ಎಲ್ಲಾ ಹೇಳಿದೆ. ಅಜ್ಜಿ ಪಕ್ಕದ ಮನೆಯವರ ಯುಗಾದಿ ಹೋಳಿಗೆ ತಿಂದು, ಕ್ರಿಸ್‌ಮಸ್‌ಗೆ ಅವರಿಗೆ ಕರ್ಜಿಕಾಯಿ ಕೊಟ್ಟು 50 ವರ್ಷ ಬದುಕಿದವಳು. "ಅಜ್ಜಿ, ಅವಳ ಅಪ್ಪ ನರಕಕ್ಕ ಹೋಗ್ಯಾರೇನು?" ಅಂತ ಕೇಳಿದೆ.

"ಅದು ದೇವರ ಕೆಲಸ ಐತಿ. ನನಗೇನ್ ಆ ಕೆಲಸ ಕೊಟ್ಟಿಲ್ಲ. ಬಾಜೂ ಮನ್ಯಾಗ ಯಾರರ ಸತ್ರ ಹೋಗಿ ಕೂಡೂದಷ್ಟ ನನ್ನ ಕೆಲಸ. ನೀ ಹೋಗಿ ಕುಂತೀ ಏನ?"

ಕೂತಿರಲಿಲ್ಲ.

5/5

"ನಮ್ಮವರ ಬಗ್ಗೆ ಹೊರಗಡೆ ಯಾಕೆ ಬರೀತೀಯ?" ಅಂತ ನನ್ನ ಕಸಿನ್ ಕೇಳಿದ. ನ್ಯಾಯವಾದ ಪ್ರಶ್ನೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು 1.87%. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿ ಆಗಿದ್ದು ನಮ್ಮ ಮನೆಗಳಲ್ಲಿ ಇನ್ನೂ ಮಾತಾಗುತ್ತೆ. ನನ್ನ ಈ ಪೋಸ್ಟನ್ನ ಸ್ಕ್ರೀನ್‌ಶಾಟ್ ಮಾಡಿ "ನೋಡಿ, ಇವರೇ ಹೇಳ್ತಿದಾರೆ" ಅನ್ನೋರೂ ಇರ್ತಾರೆ. ಅವರಿಗೆ ಒಂದೇ ಮಾತು: ನಾನು ನನ್ನ ಮನೆ ಗುಡಿಸ್ತಿದೀನಿ. ಪೊರಕೆ ನಿಮ್ಮ ಮನೆಯಲ್ಲೂ ಇರುತ್ತೆ.

ಭಯ ಇದ್ದಾಗ ಗೋಡೆ ಕಟ್ಟೋದು ಸಹಜ. ಆದ್ರೆ ಆ ಗೋಡೆ ಹೊರಗಿನವರನ್ನ ತಡೆಯೋಕೂ ಮುಂಚೆ ಒಳಗಿರೋ 18 ವರ್ಷದ ಹುಡುಗಿಯ ಬಾಯಿ ಮುಚ್ಚಿಸುತ್ತೆ.

ಕೆಲವರಿಗೆ ಇದೂ ಹೇಳಬೇಕು. ನಾನು ನಂಬಿಕೆ ಬಿಟ್ಟಿಲ್ಲ. ಯೇಸು ಸತ್ತು ಎದ್ದು ಬಂದ ಅನ್ನೋದನ್ನ ನಂಬ್ತೀನಿ, ದಿನಾ ಪ್ರಾರ್ಥನೆ ಮಾಡ್ತೀನಿ, ಊರಿಗೆ ಹೋದಾಗ ಅಜ್ಜಿ ಜೊತೆ ಆ "ಸತ್ತ ಸಭೆ"ಯಲ್ಲಿ ಕೂರ್ತೀನಿ. ಗಟ್ಟಿಯಾಗಿ ನಂಬೋದು ಮೂಲಭೂತವಾದ ಅಲ್ಲ. ನಾನು ತಪ್ಪಿರಬಹುದು ಅನ್ನೋ ಜಾಗಾನೇ ಇಡದೆ, ಆ ತಪ್ಪಿನ ಬೆಲೆಯನ್ನ ಇನ್ನೊಬ್ಬರ ಕೈಲಿ ಕಟ್ಟಿಸೋದು ಮೂಲಭೂತವಾದ. ನನ್ನ ಬೆಲೆ ಕಟ್ಟಿದ್ದು ಅಪ್ಪನನ್ನ ಕಳ್ಕೊಂಡ ಹುಡುಗಿ.

ಕೂಟದ ಆ ಅಕ್ಕ ಈಗಲೂ ನನಗೋಸ್ಕರ ಪ್ರಾರ್ಥನೆ ಮಾಡ್ತಾಳಂತೆ. ಮಾಡ್ಲಿ. ನಾನೂ ಅವಳಿಗೋಸ್ಕರ ಮಾಡ್ತೀನಿ. ಆದಿಕಾಂಡದ ಪ್ರಶ್ನೆಗೆ ನನ್ನ ಹತ್ರ ಪಕ್ಕಾ ಉತ್ತರ ಇನ್ನೂ ಇಲ್ಲ. ದೇವರು ಬಿಟ್ಟು ಹೋಗಿಲ್ಲ.

ಹೋದ ವಾರ ಡಬ್ಬಿ ತಗೊಂಡು ರೂಮ್‌ಮೇಟ್ ಹತ್ರ ಹೋದೆ. ಈಗ ಅವಳು ಬೇರೆ ಪಿಜಿಯಲ್ಲಿ ಇದಾಳೆ. ಎಲ್ಲಾ ಹೇಳಿದೆ, ಡಸ್ಟ್‌ಬಿನ್ ಸಮೇತ. ತುಂಬಾ ಹೊತ್ತು ಸುಮ್ನೆ ಇದ್ಲು. ಆಮೇಲೆ "ಜ್ವರನೂ ಇರ್ಲಿಲ್ವಾ?" ಅಂದ್ಲು. ಆ ವಾರ ಅವಳ ಅಮ್ಮ ದಿನಾ ಕೇಳ್ತಿದ್ರಂತೆ, ನಿನ್ನ ಫ್ರೆಂಡ್‌ಗೆ ಜ್ವರ ಹೇಗಿದೆ ಅಂತ. ಗಂಡ ಸತ್ತ ವಾರದಲ್ಲಿ.

"ಬೇಕಾದ್ರೆ ಬರಿ. ಹೆಸರು, ಊರು ಹಾಕ್ಬೇಡ. ಅಮ್ಮಂಗೆ ಗೊತ್ತಾಗೋದು ಬೇಡ" ಅಂದ್ಲು. ಕ್ಷಮಿಸಿದೀನಿ ಅಂತ ಹೇಳಲಿಲ್ಲ. ಡಬ್ಬಿ ಇಸ್ಕೊಂಡು, ಟೀ ಕುಡೀತೀಯಾ ಅಂತ ಕೇಳಿದ್ಲು. ಅವಳ ಅಪ್ಪನ ಬಗ್ಗೆ ಮೊದಲ ಸಲ ಕೇಳಿದೆ. ಅವಳು ಹೇಳ್ತಾ ಹೋದ್ಲು. ನಾನು ಕೂತಿದ್ದೆ.

ನೀವು ಯಾವ ಧರ್ಮದವರೇ ಆಗಿರಿ, ಕೇಳೋಕೆ ಹೆದರಿ ನುಂಗಿಕೊಂಡ ಒಂದು ಪ್ರಶ್ನೆ ಇದ್ರೆ ಕೆಳಗೆ ಬರೀರಿ. ಇಲ್ಲಿ ಯಾರೂ ನಿಮ್ಮ ತಲೆ ಮೇಲೆ ಕೈ ಇಡಲ್ಲ.

#ನಂಬಿಕೆಮತ್ತುಪ್ರಶ್ನೆ #ಅಜ್ಜಿಯಸತ್ಯವೇದ #ಕನ್ನಡಬರಹ