ವಿಜ್ಞಾನದ ನೀತಿ ಯಾರ ಓದು?

ವಿಜ್ಞಾನ ಮತ್ತು ತಂತ್ರಜ್ಞಾನ ನೀತಿಯಲ್ಲಿ ಸ್ನಾತಕೋತ್ತರ ಅಧ್ಯಯನ ಎಂದೊಡನೆ ನಮ್ಮ ಮಿತ್ರರಲ್ಲೇ ಕೆಲವರು ನಗುತ್ತಾರೆ. "ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಬಾಗಿಲಲ್ಲಿ ನಿಂತ ರೈತನಿಗೆ ಇದೇನು ಬಂತು? ಅದು ದೊಡ್ಡವರ ಮಕ್ಕಳ ಓದು, ಬಿಡಿ" ಎನ್ನುತ್ತಾರೆ. ದೊಡ್ಡವರ ಮಕ್ಕಳ ಓದಾಗಿದೆ ಎಂಬುದು ನಿಜ. ಹಾಗಾಗಿರುವುದೇ ನಮ್ಮ ತಕರಾರು.

ಈ ಓದೆಂದರೆ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ಹಿಡಿಯುವುದಲ್ಲ. ದೇಶದ ಹಣದಲ್ಲಿ ಸಂಶೋಧನೆಗೆ ಎಷ್ಟು, ಅದರಲ್ಲಿ ರಾಕೆಟ್ಟಿಗೆ ಎಷ್ಟು, ರಾಗಿಗೆ ಎಷ್ಟು. ಯಾವ ರೋಗಕ್ಕೆ ಮದ್ದು ಹುಡುಕಬೇಕು, ಯಾವುದನ್ನು ಮುಂದಕ್ಕೆ ತಳ್ಳಬೇಕು. ಹೊಸ ಬೀಜ, ಹೊಸ ಯಂತ್ರ ಬಂದರೆ ಲಾಭ ಯಾರಿಗೆ, ಕೆಲಸ ಹೋಗುವುದು ಯಾರದು—ಇವನ್ನೆಲ್ಲ ಯಾರು, ಯಾವ ಕೋಣೆಯಲ್ಲಿ ಕುಳಿತು, ಯಾವ ಲೆಕ್ಕದ ಮೇಲೆ ತೀರ್ಮಾನಿಸುತ್ತಾರೆ ಎಂದು ವಿಚಾರಿಸುವ ಶಾಸ್ತ್ರ ಇದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಕ್ರಿಸ್ಟೋಫರ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ನಮ್ಮಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಒಂದು ಕೇಂದ್ರವಿದೆ, ಗುಜರಾತಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಒಂದಿದೆ. ಬೆಂಗಳೂರಿನಲ್ಲಿ ಜೆ. ಆರ್. ಡಿ. ಟಾಟಾ ಅವರ ಮುಂದಾಳುತನದಲ್ಲಿ 1988ರಲ್ಲಿ ಹುಟ್ಟಿದ ಉನ್ನತ ಅಧ್ಯಯನ ಸಂಸ್ಥೆಯಲ್ಲೂ ಈ ವಿಚಾರದ ಸಂಶೋಧನೆ ನಡೆಯುತ್ತದೆ. ಬೆರಳಿನಲ್ಲಿ ಎಣಿಸುವಷ್ಟು ಸೀಟು; ಎಲ್ಲವೂ ಇಂಗ್ಲಿಷಿನಲ್ಲಿ.

ಈ ಓದು ಹಳ್ಳಿಗೆ ಬೇಡವೆನ್ನುವವರು ನಮ್ಮ ಜೊತೆ ಸೊರಬ ತಾಲ್ಲೂಕಿಗೆ ಬರಲಿ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬಿದ್ದವು. ಹಿಂದೆಯೇ ಮನುಷ್ಯರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗಿನಿಂದ ಹರಡುವ ಹೊಸ ರೋಗವೆಂದು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಊರಿನ ಹೆಸರು ಸೇರಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಅದು ಹಿಡಿಯುವುದು ಸೌದೆಗೆ, ದರಗಿಗೆ ಹೋದ ಹೆಂಗಸನ್ನು, ದನ ಕಾಯುವ ಹುಡುಗನನ್ನು, ಕಾಡಂಚಿನ ಕೂಲಿಯವನನ್ನು. ಹಿಡಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಈ ರೋಗಕ್ಕೇ ಎಂದು ಗೊತ್ತಾದ ಔಷಧವಿಲ್ಲ.

ಲಸಿಕೆ ಇತ್ತಲ್ಲ ಎನ್ನುತ್ತೀರಿ. ಇತ್ತು. ಸೂಜಿ ಚುಚ್ಚಿದರೆ ತೋಳು ಉರಿಯುತ್ತದೆಂದು ಜನ ಹಿಂಜರಿಯುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಮತ್ತೆ ಮತ್ತೆ. ಆ ಲಸಿಕೆಯ ಎರಡು ಚುಚ್ಚು ತೆಗೆದುಕೊಂಡವರಿಗೆ ಸಿಕ್ಕುವ ರಕ್ಷಣೆ ಶೇಕಡಾ ಸುಮಾರು 62 ಮಾತ್ರವೆಂದು, ಇದೇ ನಾಡಿನಲ್ಲಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಅಚ್ಚಾಯಿತು. 2012ರ ನಂತರ ರೋಗ ಬಂಡೀಪುರಕ್ಕೆ, ಕೇರಳಕ್ಕೆ, ಗೋವೆಗೆ, ಮಹಾರಾಷ್ಟ್ರಕ್ಕೆ ಕಾಲಿಟ್ಟಿತು. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು. ಲಸಿಕೆಗೆ ಶಕ್ತಿ ಸಾಲದೆಂದು ಅದನ್ನು ನಿಲ್ಲಿಸಿದ್ದು 2022ರಲ್ಲಿ! ನಿಲ್ಲಿಸಿದ ದಿನ ಅದರ ಜಾಗಕ್ಕೆ ಹೊಸದು ಸಿದ್ಧವಿರಲಿಲ್ಲ. ಕ್ಯಾಸನೂರಿನ ಮಂಗ ಬಿದ್ದು ಆಗಲೇ 65 ವರ್ಷ ಕಳೆದಿತ್ತು.

ಇದರ ಪಕ್ಕದಲ್ಲಿ ಕೊರೋನಾ ಜ್ವರವನ್ನು ಇಟ್ಟು ನೋಡಿ. 2020ರಲ್ಲಿ ದೇಶಕ್ಕೆ ಬಂತು; 2021ರ ಜನವರಿಯಲ್ಲಿ ಲಸಿಕೆ ತೋಳಿಗಿಳಿಯಿತು. ಅದರಲ್ಲೊಂದು, ಕೋವ್ಯಾಕ್ಸಿನ್, ತಯಾರಾದದ್ದು ಪುಣೆಯ ಸಂಸ್ಥೆ ಬೇರ್ಪಡಿಸಿಕೊಟ್ಟ ವೈರಸ್ಸಿನಿಂದ. ಯಾವ ಪುಣೆ? 1957ರಲ್ಲಿ ಸೊರಬಕ್ಕೆ ಬಂದಿತ್ತಲ್ಲ, ಅದೇ ಕೇಂದ್ರ, ಈಗ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರಿನಲ್ಲಿ. ಬುದ್ಧಿ ಅದೇ, ಸಂಸ್ಥೆ ಅದೇ. ಕೊರೋನಾ ಮಂತ್ರಿಯನ್ನೂ ಮುಟ್ಟಿತು, ಮಾಲೀಕನನ್ನೂ ಮುಟ್ಟಿತು. ಉಣುಗು ದರಗು ಗುಡಿಸುವವಳನ್ನು ಮಾತ್ರ ಕಚ್ಚುತ್ತದೆ. ವಿಜ್ಞಾನಕ್ಕೆ ಜಾತಿಯಿಲ್ಲ, ವರ್ಗವಿಲ್ಲ ಎಂದು ಶಾಲೆಯಲ್ಲಿ ನಾವೇ ಪಾಠ ಹೇಳಿದವರು. ವಿಜ್ಞಾನಕ್ಕೆ ಇಲ್ಲದಿರಬಹುದು, ವಿಜ್ಞಾನದ ನೀತಿಗೆ ಇದೆ.

ಇನ್ನು ಹಣದ ಮಾತು. 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ಶೇಕಡಾ 0.64. ಕೇಂದ್ರದ ದೊಡ್ಡ ವೈಜ್ಞಾನಿಕ ಇಲಾಖೆಗಳ ಪಾಲಿನಲ್ಲಿ ರಕ್ಷಣೆ, ಬಾಹ್ಯಾಕಾಶ, ಪರಮಾಣು ಈ ಮೂರೇ ಅರ್ಧಕ್ಕಿಂತ ಹೆಚ್ಚನ್ನು ಉಂಡವು. ರಾಕೆಟ್ಟು ಬೇಡವೆಂದು ನಾವು ಹೇಳುವುದಿಲ್ಲ. ಹಂಚಿಕೆಯ ಪಂಕ್ತಿಯಲ್ಲಿ ಬಡವನ ರೋಗಕ್ಕೆ ಎಲೆ ಹಾಕಿದವರು ಯಾರು, ಹಾಕದೆ ಹೋದವರು ಯಾರು ಎಂದು ಕೇಳುತ್ತೇವೆ. ವಿಜ್ಞಾನದ ಫಲ ಜನರಿಗೆ ದೊರಕಿಸುವೆವೆಂದು ಸರ್ಕಾರ 1958ರ ಮಾರ್ಚ್ 4ರಂದು ನಿರ್ಣಯ ಮಾಡಿತು. ಆಮೇಲೆ 1983, 2003, 2013, ಹೀಗೆ ನೀತಿಪತ್ರಗಳು ಹೊರಟವು. 2020ರ ಕೊನೆಗೆ ಇನ್ನೊಂದರ ಕರಡೂ ಬಂತು. ಕಾಗದಕ್ಕೆ ಕೊರತೆಯಾಗಲಿಲ್ಲ.

ಇದು ತಜ್ಞರ ಕೆಲಸ, ಜನ ಇದರಲ್ಲಿ ಬಾಯಿ ಹಾಕಬಾರದು ಎನ್ನುವ ಪಂಡಿತರಿದ್ದಾರೆ. 2010ರಲ್ಲಿ ಬಿಟಿ ಬದನೆಯ ಬಗ್ಗೆ ಕೇಂದ್ರ ಮಂತ್ರಿ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಬಹಿರಂಗ ವಿಚಾರಣೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. ರೈತರು ಎದ್ದು ನಿಂತು ಮಾತಾಡಿದರು, ಕೂಗಾಡಿದರು ಎಂದೇ ಇಟ್ಟುಕೊಳ್ಳಿ. ಫೆಬ್ರುವರಿ 9ಕ್ಕೆ ಬೀಜಕ್ಕೆ ತಡೆ ಬಿತ್ತು. ತಡೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಬದನೆ ಬೆಳೆಯುವವನನ್ನು ಕೇಳಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ತಜ್ಞರಲ್ಲೂ ಕೇಳುವವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕಾರ್ಯಕ್ರಮ ಹೂಡಿ, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ನೆಲೆ ಮಾಡಿದರು. ಹಳ್ಳಿಯ ಹೆಂಗಸು ಸೌದೆಗೆ ಎಷ್ಟು ಹೊತ್ತು ನಡೆಯುತ್ತಾಳೆ ಎಂಬುದನ್ನೂ ಅಲ್ಲಿ ವಿಜ್ಞಾನದ ಪ್ರಶ್ನೆಯಾಗಿ ಲೆಕ್ಕ ಹಾಕಿದರು. ಹೊಗೆ ಕಡಿಮೆ ಮಾಡುವ ಒಲೆ ಅಲ್ಲಿಂದಲೇ ಬಂತು.

ಮೆಟ್ರಿಕ್ ದಾಟದ ನಮಗೆ ಸ್ನಾತಕೋತ್ತರ ಓದಿನ ಮಾತೇಕೆ ಎಂದು ಹೋದ ವಾರ ಪ್ರಾಧ್ಯಾಪಕರೊಬ್ಬರು ಮುಖದ ಮೇಲೆ ಕೇಳಿದರು. ಸ್ವಾಮೀ, ತೆರಿಗೆ ಕಟ್ಟುವಾಗ ನಮ್ಮ ಮೆಟ್ರಿಕ್ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ.

ಶಂಕರಘಟ್ಟದಲ್ಲಿ ನಮ್ಮ ಜಿಲ್ಲೆಯದೇ ವಿಶ್ವವಿದ್ಯಾನಿಲಯವಿದೆ. ವಿಜ್ಞಾನ ನೀತಿಯಲ್ಲಿ ಎಂ.ಎ. ತರಗತಿಯನ್ನು ಅಲ್ಲಿ ತೆರೆಯಲಿ, ಕನ್ನಡದಲ್ಲಿ ಪಾಠ ನಡೆಸಲಿ, ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಬಿಡಲಿ. ಬಿ.ಎಸ್ಸಿ. ಆದವರಿಗಷ್ಟೇ ಬಾಗಿಲು ತೆರೆಯದೆ, ಬಿ.ಎ. ಓದಿದ ಆಶಾ ಕಾರ್ಯಕರ್ತೆಗೂ ರೈತನ ಮಗನಿಗೂ ಸೀಟು ಕೊಡಲಿ. ಮೊದಲ ವರ್ಷದ ಪ್ರಬಂಧಕ್ಕೆ ವಿಷಯ ನಾವೇ ಕೊಡುತ್ತೇವೆ: 2013ರಲ್ಲಿ ಗೊತ್ತಾದದ್ದು 2022ರವರೆಗೆ ಯಾವ ಯಾವ ಮೇಜಿನ ಮೇಲೆ ಮಲಗಿತ್ತು? ಕಡತಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು; ಅರ್ಜಿ ಶುಲ್ಕ ಹತ್ತು ರೂಪಾಯಿ.

ಈ ಬೇಡಿಕೆಯ ಮನವಿ ಪಕ್ಷದ ಕಚೇರಿಯಲ್ಲಿದೆ. ಸಹಿ ಹಾಕುವವರು ಸಂಜೆ 5ರ ಮೇಲೆ ಬರಬೇಕು. ಡಿಸೆಂಬರಿಗೆ ಜ್ವರದ ಕಾಲ ಆರಂಭವಾಗುತ್ತದೆ. ಅದಕ್ಕೆ ಮುಂಚೆ ಅದನ್ನು ಶಂಕರಘಟ್ಟಕ್ಕೆ ಮುಟ್ಟಿಸುತ್ತೇವೆ.