ಜೆಫರ್ಸನ್‌ರ ಕುರ್‌ಆನ್, ಈಡಿತ್‌ರ ಅಡುಗೆಮನೆ

ರಮಝಾನ್ ಬಂತೆಂದರೆ ನಮ್ಮ ಇಫ್ತಾರ್ ಕೂಟಗಳ ಭಾಷಣಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್‌ರ ಬಳಿ ಪವಿತ್ರ ಕುರ್‌ಆನ್‌ನ ಪ್ರತಿಯೊಂದಿತ್ತು. 1805ರ ರಮಝಾನ್‌ನಲ್ಲಿ ಉಪವಾಸ ನಿರತ ಅತಿಥಿಗಾಗಿ ಅವರು ಔತಣವನ್ನು ಸೂರ್ಯಾಸ್ತಕ್ಕೆ ಮುಂದೂಡಿದ್ದರು. ಆದ್ದರಿಂದ ಅಮೆರಿಕದ ಸ್ಥಾಪಕರು ಇಸ್ಲಾಮಿನ ಅಭಿಮಾನಿಗಳಾಗಿದ್ದರು! ಸಭೆಯಿಂದ ಮಾಶಾ ಅಲ್ಲಾಹ್ ಎಂಬ ಉದ್ಗಾರ ಹೊರಡುತ್ತದೆ. 1782ರಲ್ಲಿ ಪೆನ್ಸಿಲ್ವೇನಿಯದವರ ಯುದ್ಧನೌಕೆಯೊಂದು ನಮ್ಮ ಹೈದರ್ ಅಲಿಯ ಹೆಸರು ಹೊತ್ತಿದ್ದುದನ್ನೂ, 1788ರಲ್ಲಿ ಟಿಪ್ಪು ಸುಲ್ತಾನರ ರಾಯಭಾರಿಗಳು ಫ್ರಾನ್ಸಿನ ದೊರೆಯನ್ನು ಕಾಣಹೋದಾಗ ಜೆಫರ್ಸನ್ ಪ್ಯಾರಿಸ್ಸಿನಲ್ಲೇ ಅಮೆರಿಕದ ರಾಯಭಾರಿಯಾಗಿದ್ದುದನ್ನೂ ಹೆಚ್ಚು ಓದಿಕೊಂಡ ಭಾಷಣಕಾರರು ಇದಕ್ಕೆ ಸೇರಿಸುತ್ತಾರೆ. ಈ ಸಂಗತಿಗಳೆಲ್ಲವೂ ಸತ್ಯ. ಆದರೆ ಅವುಗಳನ್ನು ಪೋಣಿಸಿ ಹೊರಡಿಸುವ ತೀರ್ಮಾನ ಮಾತ್ರ ಸುಳ್ಳು. ಅದನ್ನು ಹರಡುತ್ತಿರುವವರು ನಮ್ಮ ವಿರೋಧಿಗಳಲ್ಲ, ನಾವೇ.

ಮೊದಲು ಆ ಕುರ್‌ಆನ್‌ನ ವಿಷಯವನ್ನೇ ನೋಡೋಣ. 1765ರಲ್ಲಿ ವರ್ಜೀನಿಯದ ವಿಲಿಯಮ್ಸ್‌ಬರ್ಗ್‌ನಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದ 22ರ ಹರೆಯದ ಜೆಫರ್ಸನ್ ಅದನ್ನು ಖರೀದಿಸಿದರು. ಅದು ಜಾರ್ಜ್ ಸೇಲ್‌ರ ಇಂಗ್ಲಿಷ್ ಅನುವಾದ, ಎರಡು ಸಂಪುಟಗಳಲ್ಲಿತ್ತು. ಸೇಲ್ ಅನುವಾದಕ್ಕೆ ಕೈಹಾಕಿದ್ದು ಇಸ್ಲಾಮಿನ ಮೇಲಿನ ಪ್ರೀತಿಯಿಂದಲ್ಲ. ಪ್ರಾಟೆಸ್ಟೆಂಟರಿಗೆ ಅದನ್ನು ಖಂಡಿಸಲು ಅನುಕೂಲವಾಗಲೆಂದು. ತನ್ನ ಮುನ್ನುಡಿಯಲ್ಲಿ ಅವರು ಇದನ್ನು ಮುಚ್ಚಿಟ್ಟಿಲ್ಲ. ಜೆಫರ್ಸನ್‌ರಿಗೆ ಅದು ಲೋಕದ ಹಲವು ಕಾನೂನು ಗ್ರಂಥಗಳಲ್ಲಿ ಒಂದಾಗಿತ್ತು. 1815ರಲ್ಲಿ ಅವರು ತಮ್ಮ 6,487 ಪುಸ್ತಕಗಳನ್ನು 23,950 ಡಾಲರಿಗೆ ಅಮೆರಿಕದ ಸಂಸತ್ತಿಗೆ ಮಾರಿದಾಗ ಕುರ್‌ಆನ್ ಕೂಡಾ ಅವುಗಳೊಂದಿಗೆ ಹೋಯಿತು.

ಆ ಪ್ರತಿ ಜಗತ್ಪ್ರಸಿದ್ಧವಾದುದು 2007ರ ಜನವರಿ 4ರಂದು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮ್ ಸದಸ್ಯ ಕೀತ್ ಎಲಿಸನ್ ತಮ್ಮ ಸಾಂಕೇತಿಕ ಪ್ರಮಾಣವಚನಕ್ಕೆ ಅದನ್ನೇ ಆರಿಸಿಕೊಂಡರು. ಕುರ್‌ಆನ್ ಮೇಲಿನ ಪ್ರಮಾಣವನ್ನು ಬಹಿರಂಗವಾಗಿ ವಿರೋಧಿಸಿದ್ದ ಸದಸ್ಯ ವರ್ಜಿಲ್ ಗೂಡ್ ಜೆಫರ್ಸನ್‌ರ ತವರು ಪ್ರದೇಶದಿಂದಲೇ ಆರಿಸಿಬಂದವರು. ಎಲಿಸನ್‌ರ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ. ಅದು ವಿರೋಧಿಗೆ ಅವನದೇ ಅಂಗಳದಲ್ಲಿ ನಿಂತು ಕೊಟ್ಟ ಉತ್ತರ. ಆದರೆ ಒಂದು ದಿನದ ವಾಗ್ವಾದಕ್ಕೆ ಕೊಟ್ಟ ಉತ್ತರವನ್ನು ಇತಿಹಾಸವೆಂದು ಬಗೆಯುವುದು ಬೇರೆ ಮಾತು.

ಇನ್ನು ಆ ಔತಣ. 1801ರಿಂದ 1805ರವರೆಗೆ ಅಮೆರಿಕವು ಟ್ರಿಪೋಲಿಯೊಂದಿಗೆ ಯುದ್ಧದಲ್ಲಿತ್ತು. ಟ್ರಿಪೋಲಿಗೆ ಹಾಕಿದ್ದ ದಿಗ್ಬಂಧನವನ್ನು ಮುರಿಯಲೆತ್ನಿಸಿದ ಟ್ಯುನೀಸಿಯದ ಹಡಗುಗಳನ್ನು ಅಮೆರಿಕನ್ನರು ವಶಪಡಿಸಿಕೊಂಡಿದ್ದರು. ಅದರ ಇತ್ಯರ್ಥಕ್ಕೆ ಬಂದ ರಾಯಭಾರಿಯೇ ಸುಲೈಮಾನ್ ಮೆಲ್ಲಿಮೆಲ್ಲಿ. 1805ರ ಡಿಸೆಂಬರ್ 9ರಂದು ಮಧ್ಯಾಹ್ನ ಮೂರೂವರೆಗೆ ನಡೆಯಬೇಕಾಗಿದ್ದ ಊಟವನ್ನು ಜೆಫರ್ಸನ್ ಸೂರ್ಯಾಸ್ತಕ್ಕೆ ಬದಲಿಸಿದರು. ಅದು ಸೌಜನ್ಯ, ರಾಜತಾಂತ್ರಿಕ ಸೌಜನ್ಯ. ಅದನ್ನೇ ಅಧ್ಯಕ್ಷ ಒಬಾಮಾ ತಮ್ಮ ಇಫ್ತಾರ್ ಕೂಟಗಳಲ್ಲಿ ಶ್ವೇತಭವನದ ಮೊದಲ ಇಫ್ತಾರ್ ಎಂದು ಕರೆದರು. ಸರಿ, ಇಫ್ತಾರ್ ಎಂದೇ ಇಟ್ಟುಕೊಳ್ಳೋಣ. ಅತಿಥಿ ಯಾರೆಂದು ನಮಗೆ ಗೊತ್ತು, ಆತಿಥೇಯರು ಯಾರೆಂದೂ ಗೊತ್ತು. ಅಡುಗೆ ಮಾಡುತ್ತಿದ್ದವರು ಯಾರೆಂದು ನಮ್ಮ ಭಾಷಣಕಾರರಲ್ಲಿ ಒಬ್ಬರಾದರೂ ಕೇಳಿದ್ದಾರೆಯೇ?

ಅಧ್ಯಕ್ಷರ ಅಡುಗೆಮನೆಯಲ್ಲಿ ಫ್ರೆಂಚ್ ಬಾಣಸಿಗನ ಕೈಕೆಳಗೆ ದುಡಿಯುತ್ತಿದ್ದವರಲ್ಲಿ ಈಡಿತ್ ಫಾಸೆಟ್ ಒಬ್ಬರು. ಅವರು ಜೆಫರ್ಸನ್‌ರ ಗುಲಾಮೆ. 1802ರಲ್ಲಿ ಸುಮಾರು 15ರ ವಯಸ್ಸಿನಲ್ಲಿ ಅವರನ್ನು ವರ್ಜೀನಿಯದ ಮಾಂಟಿಚೆಲ್ಲೊ ತೋಟದಿಂದ ರಾಜಧಾನಿಗೆ ಕರೆತರಲಾಗಿತ್ತು. ಪತಿ ಜೋಸೆಫ್ ಅಲ್ಲೇ ತೋಟದಲ್ಲಿ ಕಮ್ಮಾರ. 1806ರ ಬೇಸಿಗೆಯಲ್ಲಿ ಆತ ಒಡೆಯರ ಅಪ್ಪಣೆಯಿಲ್ಲದೆ ಹೆಂಡತಿಯನ್ನು ಕಾಣಲು ರಾಜಧಾನಿಗೆ ಹೊರಟುಬಂದರು. ಜೆಫರ್ಸನ್ ಕೂಡಲೇ ಪತ್ರ ಬರೆದು ಆತನನ್ನು ಹಿಡಿಸಿದರು. ಹೆಂಡತಿಯನ್ನು ನೋಡಬಂದವನನ್ನು ಸೆರೆಯಲ್ಲಿಟ್ಟು ತೋಟಕ್ಕೆ ಹಿಂದೆ ಕಳುಹಿಸಲಾಯಿತು. ಅತಿಥಿಯ ಉಪವಾಸಕ್ಕಾಗಿ ಊಟದ ಸಮಯವನ್ನು ಬದಲಿಸಿದ ಅದೇ ಮನೆಯ ಒಡೆಯರು, ಔತಣ ನಡೆದು ಒಂದು ವರ್ಷ ತುಂಬುವ ಮೊದಲೇ!

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1826ರ ಜುಲೈ 4ರಂದು ಜೆಫರ್ಸನ್ ನಿಧನರಾದಾಗ ಒಂದು ಲಕ್ಷ ಡಾಲರನ್ನೂ ಮೀರಿದ ಸಾಲವಿತ್ತು. ಬದುಕಿನುದ್ದಕ್ಕೂ 600ಕ್ಕೂ ಮಿಕ್ಕಿದ ಗುಲಾಮರನ್ನು ಹೊಂದಿದ್ದ ಅವರು ಜೀವಿತಾವಧಿಯಲ್ಲಿ ವಿಧಿವತ್ತಾಗಿ ಬಿಡುಗಡೆ ಮಾಡಿದ್ದು ಇಬ್ಬರನ್ನು, ಉಯಿಲಿನ ಮೂಲಕ ಐವರನ್ನು. ಆ ಐವರಲ್ಲಿ ಜೋಸೆಫ್ ಒಬ್ಬರು. ಆದರೆ ಹೆಂಡತಿ ಮಕ್ಕಳ ಹೆಸರು ಉಯಿಲಿನಲ್ಲಿರಲಿಲ್ಲ. 1827ರ ಜನವರಿಯಲ್ಲಿ ಮಾಂಟಿಚೆಲ್ಲೊದಲ್ಲಿ ಸಾಲ ತೀರಿಸಲು 130 ಮಂದಿಯನ್ನು ಹರಾಜಿಗಿಡಲಾಯಿತು. ಅವರಲ್ಲಿ ಈಡಿತ್ ಇದ್ದರು, ಅವರ ಮಕ್ಕಳಿದ್ದರು. ಮಕ್ಕಳು ಬೇರೆ ಬೇರೆಯವರ ಪಾಲಾದರು. ಪೀಟರ್ ಎಂಬ ಮಗನಿಗೆ ಆಗ 11 ವರ್ಷ. ತಂದೆ ಕುಲುಮೆಯಲ್ಲಿ ದುಡಿದು ತನ್ನದೇ ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಸರ್ವ ಮಾನವರೂ ಸಮಾನರಾಗಿ ಸೃಷ್ಟಿಸಲ್ಪಟ್ಟಿದ್ದಾರೆಂದು 1776ರ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಬರೆದವರ ಮನೆಯ ಅಂಗಳದಲ್ಲಿ ನಡೆದ ಹರಾಜಿದು.

ಹಾಗೆಂದು ಜೆಫರ್ಸನ್‌ರ ಸಾಧನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅನ್ಯಾಯವನ್ನು ಖಂಡಿಸಹೊರಟವರು ತಕ್ಕಡಿಯನ್ನು ಸರಿಯಾಗಿ ಹಿಡಿಯಬೇಕು. 1777ರಲ್ಲಿ ಅವರು ರಚಿಸಿದ, 1786ರ ಜನವರಿಯಲ್ಲಿ ಮ್ಯಾಡಿಸನ್‌ರ ಪ್ರಯತ್ನದಿಂದ ವರ್ಜೀನಿಯದ ಶಾಸನಸಭೆ ಅಂಗೀಕರಿಸಿದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಸಾಮಾನ್ಯವಾದುದಲ್ಲ. ಯಾರನ್ನೂ ಯಾವುದೇ ಆರಾಧನೆಗೆ ಬಲವಂತಪಡಿಸಕೂಡದು, ಯಾವುದೇ ಧರ್ಮಪೀಠವನ್ನು ಪೋಷಿಸುವಂತೆ ಬಲವಂತ ಮಾಡಕೂಡದು, ವಿಶ್ವಾಸದ ಕಾರಣಕ್ಕೆ ಯಾರ ನಾಗರಿಕ ಹಕ್ಕೂ ಕುಂದಕೂಡದು ಎಂಬುದು ಅದರ ಸಾರ. ಕಾನೂನಿನ ಪೀಠಿಕೆಯಲ್ಲಿ ಯೇಸುಕ್ರಿಸ್ತರ ಹೆಸರನ್ನು ಸೇರಿಸುವ ಪ್ರಯತ್ನ ಸೋತಿತು. ಯಹೂದಿ, ಕ್ರೈಸ್ತ, ಮುಸ್ಲಿಮ್, ಹಿಂದೂ, ನಾಸ್ತಿಕ ಎಲ್ಲರಿಗೂ ಅದರ ರಕ್ಷಣೆ ಇರಬೇಕೆಂಬುದೇ ಅದರ ಅರ್ಥವೆಂದು ಜೆಫರ್ಸನ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದರು. ಅವರ ಗೋರಿಕಲ್ಲಿನ ಮೇಲೆ ಅಧ್ಯಕ್ಷ ಪದವಿಯ ಉಲ್ಲೇಖವಿಲ್ಲ. ಈ ಕಾನೂನಿನ ಉಲ್ಲೇಖವಿದೆ. ಅಲ್ಪಸಂಖ್ಯಾತರಾದ ನಮಗೆ ಇದರ ಬೆಲೆ ಗೊತ್ತಿರಬೇಕು. ಅದರ ಬೆಲೆ ಇರುವುದು ಜೆಫರ್ಸನ್‌ರಿಗೆ ಇಸ್ಲಾಮ್ ಇಷ್ಟವಿತ್ತೆಂಬುದರಲ್ಲಲ್ಲ. ಇಷ್ಟವಿರಲಿಲ್ಲ, ಹಾಗಿದ್ದೂ ಮುಸ್ಲಿಮನ ಹಕ್ಕನ್ನು ಬರೆದರು. ಆಳುವವನ ಪ್ರೀತಿಯ ಮೇಲೆ ನಿಂತ ಹಕ್ಕು ಅವನ ಕೋಪ ಬಂದ ದಿನ ಬೀಳುತ್ತದೆ. ನಮ್ಮ ಭಾಷಣಕಾರರು ಈ ಕಾನೂನನ್ನು ಬಿಟ್ಟು ಆ ಊಟವನ್ನು ಹಿಡಿದುಕೊಂಡಿರುವುದೇ ನಮ್ಮ ತಕರಾರು.

ಆದರೆ ಆ ಕಾನೂನು ಕಂಡ ಮುಸ್ಲಿಮನಾದರೂ ಯಾರು? ಮುಂದೆಂದೋ ಹಡಗು ಹತ್ತಿ ಬರಬಹುದಾದ ಕಾಲ್ಪನಿಕ ನಾಗರಿಕ. ನಿಜವಾದ ಮುಸ್ಲಿಮರು ಆಗಲೇ ಅಲ್ಲಿದ್ದರು. ಪಶ್ಚಿಮ ಆಫ್ರಿಕಾದಿಂದ ಸಂಕೋಲೆಯಲ್ಲಿ ತರಲ್ಪಟ್ಟವರಲ್ಲಿ ಕುರ್‌ಆನ್ ಓದಬಲ್ಲವರು, ಅರಬಿ ಬರೆಯಬಲ್ಲವರು ಇದ್ದರು. 1807ರ ಅಕ್ಟೋಬರ್‌ನಲ್ಲಿ ಕೆಂಟಕಿಯಲ್ಲಿ ಸೆರೆಸಿಕ್ಕ ಇಬ್ಬರು ಆಫ್ರಿಕನ್ನರು ಅರಬಿಯಲ್ಲಿ ಬರೆದ ಹಾಳೆಗಳು ಸ್ವತಃ ಅಧ್ಯಕ್ಷ ಜೆಫರ್ಸನ್‌ರ ಕೈಗೆ ಬಂದವು. ಅವರು ಅವುಗಳನ್ನು ಓದಿಸಲು ಪ್ರಯತ್ನಿಸಿದರು. ಗುಲಾಮನೊಬ್ಬನು ಪ್ರಾರ್ಥಿಸುವ ಭಾಷೆ ಯಾವುದೆಂದು ತಿಳಿಯಲು ಅವರಿಗೆ ಇದಕ್ಕಿಂತ ಸ್ಪಷ್ಟವಾದ ಅವಕಾಶ ಬೇರೆ ಬೇಕಿರಲಿಲ್ಲ.

'ಅವರು ಅವರ ಕಾಲದ ಮನುಷ್ಯ' ಎಂಬ ಸಮರ್ಥನೆ ಇಲ್ಲಿ ತಪ್ಪದೆ ಬರುತ್ತದೆ. ಆ ಕಾಲ ಹೇಗಿತ್ತು? 1782ರಲ್ಲೇ ವರ್ಜೀನಿಯದ ಕಾನೂನು ಗುಲಾಮರನ್ನು ಬಿಡುಗಡೆ ಮಾಡಲು ಒಡೆಯರಿಗೆ ಅನುಮತಿ ನೀಡಿತ್ತು. ಅದೇ ವರ್ಜೀನಿಯದ ಜಮೀನ್ದಾರ ರಾಬರ್ಟ್ ಕಾರ್ಟರ್ 1791ರಲ್ಲಿ ದಸ್ತಾವೇಜು ಬರೆದು 450ಕ್ಕೂ ಮಿಕ್ಕಿದ ತನ್ನ ಗುಲಾಮರ ವಿಮೋಚನೆಗೆ ತೊಡಗಿದರು. ಅದೇ ವರ್ಷ ಬೆಂಜಮಿನ್ ಬ್ಯಾನೆಕರ್ ಎಂಬ ಕಪ್ಪು ಗಣಿತಜ್ಞ ತಾನು ರಚಿಸಿದ ಪಂಚಾಂಗದ ಜೊತೆ ಜೆಫರ್ಸನ್‌ರಿಗೆ ಪತ್ರ ಬರೆದು, ಸ್ವಾತಂತ್ರ್ಯ ಘೋಷಣೆಯ ಅವರದೇ ಮಾತುಗಳನ್ನು ಅವರ ಮುಂದಿಟ್ಟರು. ವಿನಯಪೂರ್ವಕ ಉತ್ತರವೇನೋ ಬಂತು. ಪೋಲೆಂಡಿನ ಸೇನಾನಿ ಕೊಸ್ಯೂಷ್ಕೊ ಅಮೆರಿಕದಲ್ಲಿದ್ದ ತನ್ನ ಹಣದಿಂದ ಗುಲಾಮರನ್ನು ಕೊಂಡು ಬಿಡುಗಡೆ ಮಾಡುವಂತೆ 1798ರ ಉಯಿಲಿನಲ್ಲಿ ಗೆಳೆಯ ಜೆಫರ್ಸನ್‌ರನ್ನೇ ಹೊಣೆಗಾರರನ್ನಾಗಿಸಿದ್ದರು. ಗೆಳೆಯ ತೀರಿಕೊಂಡ ಮೇಲೆ ಜೆಫರ್ಸನ್ ಆ ಹೊಣೆಯಿಂದ ಹಿಂದೆ ಸರಿದರು. ಇವರೆಲ್ಲರೂ ಅದೇ ಕಾಲದ ಮನುಷ್ಯರಲ್ಲವೇ? ಹೊಸ ಪಶ್ಚಿಮ ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸಲು 1784ರಲ್ಲಿ ಜೆಫರ್ಸನ್ ಮಂಡಿಸಿದ ಪ್ರಸ್ತಾಪ ಒಂದೇ ಮತದಿಂದ ಬಿದ್ದುಹೋಯಿತು, 1807ರಲ್ಲಿ ಗುಲಾಮರ ಆಮದನ್ನು ನಿಷೇಧಿಸುವ ಕಾನೂನಿಗೆ ಅವರೇ ಸಹಿ ಹಾಕಿದರು ಎಂಬುದೂ ನಿಜ. ಅಂದರೆ ಅದು ಅನ್ಯಾಯವೆಂದು ಅವರಿಗೆ ತಿಳಿದಿತ್ತು. ತಿಳಿದವನ ತಪ್ಪು ತಿಳಿಯದವನ ತಪ್ಪಿಗಿಂತ ಭಾರವೆಂದು ನಾವು ಕಲಿತಿದ್ದೇವೆ.

ಸ್ಯಾಲಿ ಹೆಮಿಂಗ್ಸ್‌ರ ವಿಷಯವನ್ನು ವಿಸ್ತರಿಸಲು ನಮಗೆ ಮನಸ್ಸಿಲ್ಲ. ಆಕೆ ಜೆಫರ್ಸನ್‌ರ ದಿವಂಗತ ಪತ್ನಿಯ ಮಲಸಹೋದರಿ, ಮತ್ತು ಅವರ ಗುಲಾಮೆ. 1998ರ ಡಿಎನ್‌ಎ ಪರೀಕ್ಷೆಯ ಬಳಿಕ, ಆಕೆಯ ಆರು ಮಕ್ಕಳ ತಂದೆ ಬಹುತೇಕ ಖಚಿತವಾಗಿ ಜೆಫರ್ಸನ್‌ರೇ ಎಂಬ ನಿರ್ಧಾರಕ್ಕೆ ಮಾಂಟಿಚೆಲ್ಲೊವನ್ನು ನಡೆಸುವ ಪ್ರತಿಷ್ಠಾನವೇ 2000ದಲ್ಲಿ ಬಂತು. ವರ್ಜೀನಿಯದ ಕಾನೂನಿನಂತೆ ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ.

ಈ ಮಾತು ಕೇಳಿದೊಡನೆ ನಮ್ಮವರಿಗೆ ಹೆಮ್ಮೆ ಉಕ್ಕುತ್ತದೆಂದು ಬಲ್ಲೆವು. ಮದ್ರಸದಲ್ಲಿ ಫಿಕ್‌ಹ್ ಓದುವಾಗ ನಾವೂ 'ಉಮ್ಮುಲ್ ವಲದ್' ಅಧ್ಯಾಯವನ್ನು ಓದಿದ್ದೇವೆ. ಒಡೆಯನಿಂದ ಹುಟ್ಟಿದ ಮಗು ಸ್ವತಂತ್ರ, ಆ ತಾಯಿಯನ್ನು ಮಾರುವಂತಿಲ್ಲ, ಒಡೆಯನ ಮರಣದೊಂದಿಗೆ ಆಕೆ ಸ್ವತಂತ್ರಳು. ಝಕಾತ್‌ನ ಎಂಟು ಬಾಬ್ತುಗಳಲ್ಲಿ ಗುಲಾಮ ವಿಮೋಚನೆ ಒಂದು. 'ಅಲ್ ಬಲದ್' ಅಧ್ಯಾಯ ಅದನ್ನು ಕಡಿದಾದ ಹಾದಿಯೆಂದು ಬಣ್ಣಿಸುತ್ತದೆ. ಜೆಫರ್ಸನ್‌ರ ಕಪಾಟಿನಲ್ಲಿದ್ದ ಅನುವಾದದಲ್ಲೂ ಆ ಅಧ್ಯಾಯವಿತ್ತು. ಆದರೆ ಕಪಾಟಿನಲ್ಲಿಟ್ಟವರು ಅವರೊಬ್ಬರೇ ಅಲ್ಲ. ಹಝ್ರತ್ ಬಿಲಾಲ್(ರ)ರ ಹೆಸರು ಹೇಳಿ ಕಣ್ಣೀರಿಡುವ ಸಮುದಾಯದ ನಾಡುಗಳಲ್ಲಿ ಗುಲಾಮರ ಸಂತೆಗಳು ನಡೆದವು. ಅಮೆರಿಕದ ಮೇಲೆ ಯುದ್ಧ ಸಾರಿದ ಟ್ರಿಪೋಲಿಯ ದೊರೆ ಕೂಡಾ ಕೈದಿಗಳನ್ನು ದುಡಿಸಿಕೊಂಡು ಬಿಡುಗಡೆಗೆ ಹಣ ಕೇಳುತ್ತಿದ್ದವನೇ. ಮೆಲ್ಲಿಮೆಲ್ಲಿಯ ಟ್ಯುನೀಸಿಯದಲ್ಲಿ ಅಹ್ಮದ್ ಬೇ 1846ರಲ್ಲಿ, ಅಮೆರಿಕಕ್ಕಿಂತ 19 ವರ್ಷ ಮೊದಲೇ, ಗುಲಾಮಗಿರಿಯನ್ನು ರದ್ದುಪಡಿಸಿದರು. ಇದನ್ನು ಹೇಳಿಕೊಳ್ಳಬಹುದು. ಸೌದಿ ಅರೇಬಿಯ ಅದನ್ನು ರದ್ದುಪಡಿಸಿದ್ದು 1962ರಲ್ಲಿ. ಇದನ್ನೂ ಹೇಳಲೇಬೇಕು. ಪಾಸ್‌ಪೋರ್ಟನ್ನು ಮಾಲಕನ ಕೈಗೆ ಕೊಟ್ಟು ಗಲ್ಫಿನ ಮನೆಗಳಲ್ಲಿ ಪಾತ್ರೆ ತೊಳೆದ ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಇಫ್ತಾರ್ ಮೇಜನ್ನು ತೋರಿಸಿ ಅಡುಗೆಮನೆಯನ್ನು ಮರೆಮಾಚುವ ರಾಜಕೀಯ ಜೆಫರ್ಸನ್‌ರೊಂದಿಗೆ ಮುಗಿಯಲಿಲ್ಲ. 2001ರ ನವೆಂಬರ್‌ನಲ್ಲಿ ಅಧ್ಯಕ್ಷ ಬುಷ್ ಶ್ವೇತಭವನದಲ್ಲಿ ಮುಸ್ಲಿಮ್ ರಾಯಭಾರಿಗಳಿಗೆ ಇಫ್ತಾರ್ ಏರ್ಪಡಿಸಿದಾಗ ಅಫ್ಘಾನಿಸ್ತಾನದ ಮೇಲೆ ಅವರ ಬಾಂಬುಗಳು ಬೀಳತೊಡಗಿ ತಿಂಗಳು ದಾಟಿತ್ತು. ಅತಿಥಿಗಳು ಖರ್ಜೂರ ತಿಂದು ಬಂದರು. 2024ರ ಏಪ್ರಿಲ್‌ನಲ್ಲಿ ಮಾತ್ರ ಹಾಗಾಗಲಿಲ್ಲ. ಗಾಝಾದ ಮಕ್ಕಳು ಹಸಿದಿರುವಾಗ ಅಧ್ಯಕ್ಷರೊಂದಿಗೆ ಕುಳಿತು ಉಣ್ಣಲಾರೆವೆಂದು ಅಮೆರಿಕದ ಹಲವು ಮುಸ್ಲಿಮ್ ಮುಖಂಡರು ಆಹ್ವಾನವನ್ನು ನಿರಾಕರಿಸಿದರು, ಶ್ವೇತಭವನ ಕಾರ್ಯಕ್ರಮವನ್ನು ಮೊಟಕುಗೊಳಿಸಬೇಕಾಯಿತು. ನಮ್ಮ ವೇದಿಕೆಗಳಿಗೆ ಕಥೆ ಬೇಕಿದ್ದರೆ ಇದನ್ನು ಹೇಳಬಹುದಿತ್ತು.

ಇನ್ನೂ ಒಂದು ಕಥೆಯಿದೆ. ಜೆಫರ್ಸನ್ ಅಧ್ಯಕ್ಷರಾಗಿದ್ದ 1807ರಲ್ಲಿ, ಆಮದು ನಿಷೇಧ ಜಾರಿಗೆ ಬರುವ ಕೆಲವೇ ಕಾಲ ಮೊದಲು, ಚಾರ್ಲ್‌ಸ್ಟನ್ ಬಂದರಿಗೆ ಬಂದ ಹಡಗಿನಲ್ಲಿ ಉಮರ್ ಇಬ್ನ್ ಸಈದ್ ಎಂಬ ವಿದ್ವಾಂಸರಿದ್ದರು. ಸೆನೆಗಲ್ ನದಿಯ ಪ್ರದೇಶದ ಫೂಟಾ ಟೋರೊದಲ್ಲಿ ವರ್ಷಗಟ್ಟಲೆ ವಿದ್ಯೆ ಕಲಿತವರು. ಕ್ರೂರಿಯಾದ ಒಡೆಯನಿಂದ ತಪ್ಪಿಸಿಕೊಂಡು ಸೆರೆಸಿಕ್ಕಾಗ ಜೈಲಿನ ಗೋಡೆಯ ಮೇಲೆ ಅರಬಿಯಲ್ಲಿ ಬರೆದರು. ಮುಂದೆ ಅವರನ್ನು ಚರ್ಚಿಗೆ ಸೇರಿಸಲಾಯಿತು. ಆದರೆ 1831ರಲ್ಲಿ ಅರಬಿಯಲ್ಲಿ ತನ್ನ ಆತ್ಮಕಥೆ ಬರೆಯಲು ಕುಳಿತಾಗ ಅವರು ಮೊದಲು ಬರೆದದ್ದು 'ಅಲ್ ಮುಲ್ಕ್' ಅಧ್ಯಾಯವನ್ನು. ಮುಲ್ಕ್ ಎಂದರೆ ಒಡೆತನ, ಅದು ಯಾರ ಕೈಯಲ್ಲಿದೆಯೆಂದು ಹೇಳಿಯೇ ಆ ಅಧ್ಯಾಯ ಆರಂಭವಾಗುತ್ತದೆ. ಅವರು ಗುಲಾಮರಾಗಿಯೇ ತೀರಿಕೊಂಡರು. ಆ ಹಸ್ತಪ್ರತಿಯನ್ನು 2017ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯ ಪಡೆದುಕೊಂಡಿತು. ಜೆಫರ್ಸನ್‌ರ ಕುರ್‌ಆನ್ ಇರುವುದೂ ಅದೇ ಗ್ರಂಥಾಲಯದಲ್ಲಿ.