ಕಾರು ಕೊಂಡವರ ಅಳಲಿಗೆ ಕಿವಿ ಎಲ್ಲಿ?

ಅಟ್ಟ ಹತ್ತಿಸಿ ಏಣಿ ತೆಗೆಯುವುದೆಂಬ ಮಾತು ನಮ್ಮಲ್ಲಿ ಹಳೆಯದು. ಹೊಸ ಕಾರು ಕೊಂಡು ಬವಣೆಪಡುವವರನ್ನು ಕಂಡಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತದೆ. ಮುಂಗಡ ಕೊಡುವವರೆಗೆ ತಂಪು ಪಾನೀಯದ ಉಪಚಾರ. ಕೀಲಿಕೈ ಪಡೆದು ಮನೆಗೆ ಬಂದ ಮೇಲೆ ಫೋನ್ ಎತ್ತುವವರೂ ಇಲ್ಲ. ಮಧ್ಯಮವರ್ಗದವನಿಗೆ ಮನೆಯನ್ನು ಬಿಟ್ಟರೆ ಕಾರೇ ಬಾಳಿನ ದೊಡ್ಡ ಖರೀದಿ. ಆದರೂ ಅನ್ಯಾಯವಾದಾಗ ಎಲ್ಲಿಗೆ ಹೋಗಬೇಕೆಂಬುದು ಓದುಬರಹ ಬಲ್ಲವರಿಗೂ ತಿಳಿದಿರುವುದಿಲ್ಲ. ಕಾನೂನು ಕೊಟ್ಟಿರುವುದು ಕಡಿಮೆಯೇನಲ್ಲ. ಅದನ್ನು ಬಳಸಲು ಬೇಕಾದ ಕಾಗದದ ಶಿಸ್ತು ನಮ್ಮಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಟ್ಯಾಕ್ಸಿಗೆಂದು ಕಾರು ಕೊಂಡ. ತಿಂಗಳೊಳಗೆ ಗೇರ್‌ಬಾಕ್ಸ್ ಸದ್ದು ಮಾಡತೊಡಗಿತು. ಡೀಲರ್ ಕಂಪನಿಯತ್ತ ಕೈ ತೋರಿಸಿದ, ಕಂಪನಿಯವರು ಡೀಲರ್‌ನತ್ತ. ಕಂತು ಮಾತ್ರ ತಪ್ಪದೆ ಕಟ್ಟಬೇಕು. "ಸಾರ್, ಐದು ಸಲ ಹೋಗಿ ಜಗಳ ಮಾಡಿದೆ" ಎಂದ. ಬರೆದು ಕೊಟ್ಟೆಯಾ ಎಂದು ಕೇಳಿದರೆ, ಇಲ್ಲ. ಜಾಬ್ ಕಾರ್ಡಿನ ಪ್ರತಿಯೂ ಅವನ ಬಳಿ ಇರಲಿಲ್ಲ. ಜಗಳಕ್ಕೆ ಸಾಕ್ಷಿಯಿಲ್ಲ, ಕಾಗದಕ್ಕೆ ಉಂಟು. ಟ್ಯಾಕ್ಸಿಯೆಂದರೆ ವ್ಯಾಪಾರ, ಅದಕ್ಕೆ ಗ್ರಾಹಕ ಕಾನೂನು ಅನ್ವಯಿಸದೆಂದು ಯಾರೋ ಅವನನ್ನು ಹೆದರಿಸಿಯೂ ಇದ್ದರು. ಅದು ಸರಿಯಲ್ಲ. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡವನೂ ಕಾಯಿದೆಯ ಕಣ್ಣಿನಲ್ಲಿ ಗ್ರಾಹಕನೇ.

ಮೊದಲ ಹೆಜ್ಜೆ, ಡೀಲರ್‌ಗೂ ಕಂಪನಿಗೂ ದಿನಾಂಕ ಸಹಿತವಾದ ಲಿಖಿತ ದೂರು. ಸ್ವೀಕೃತಿಯ ಸಹಿ ಪಡೆಯಬೇಕು, ಇಲ್ಲವೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಅದು ರಾಜಿಗೆ ಯತ್ನಿಸುವ ವ್ಯವಸ್ಥೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ.

ಆದೇಶ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. 1986ರ ಕಾಯಿದೆಯ ಕಾಲದಲ್ಲಿ ಇದನ್ನು ವೇದಿಕೆ ಎನ್ನುತ್ತಿದ್ದೆವು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯಿದೆ ಮುಖ್ಯವಾದ ಒಂದು ಅನುಕೂಲ ಮಾಡಿಕೊಟ್ಟಿದೆ: ಡೀಲರ್ ಎಲ್ಲಿಯೇ ಇರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಇರಲೇಬೇಕೆಂದಿಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. "ಮುಂದಿನ ವಾರ ನೋಡೋಣ" ಎಂಬ ಡೀಲರ್‌ನ ಸಿಹಿಮಾತು ನುಂಗುವುದು ಈ ಅವಧಿಯನ್ನೇ.

ಯಾರ ಮೇಲೆ ದೂರು ಎಂಬುದೂ ಮುಖ್ಯ. ಗೋವಾದ ಗ್ರಾಹಕರೊಬ್ಬರಿಗೆ 2011ರ ಮಾದರಿಯೆಂದು 2009ರಲ್ಲಿ ತಯಾರಾದ, ಅದಾಗಲೇ ಓಡಿದ್ದ ಕಾರನ್ನು ಡೀಲರ್ ಮಾರಿದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಫೆಬ್ರವರಿಯಲ್ಲಿ ನ್ಯಾಯಾಲಯ ತಯಾರಕರಾದ ಟಾಟಾ ಮೋಟಾರ್ಸ್ ಸಂಸ್ಥೆಯನ್ನು ಹೊಣೆಯಿಂದ ಬಿಡಿಸಿತು. ಡೀಲರ್ ಕಂಪನಿಯ ಏಜೆಂಟನಲ್ಲ, ಸ್ವತಂತ್ರ ವ್ಯಾಪಾರಿ. ಅವನ ವಂಚನೆ ಕಂಪನಿಗೆ ತಿಳಿದಿತ್ತೆಂದು ತೋರಿಸದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂಬುದು ಅದರ ಸಾರ. ತಯಾರಿಕೆಯ ದೋಷವಿದ್ದರೆ ಇಬ್ಬರ ಮೇಲೂ ದೂರಬೇಕು. ಮಾರಾಟದ ಮೋಸಕ್ಕೆ ಡೀಲರ್‌ನನ್ನೇ ಹಿಡಿಯಬೇಕು.

ಉಳಿದ ಕಚೇರಿಗಳಿಗೂ ತಮ್ಮ ತಮ್ಮ ಪಾಲಿನ ಕೆಲಸವಿದೆ. ತೆರಿಗೆ, ನೋಂದಣಿಯ ಗೊಂದಲಕ್ಕೆ ಆರ್.ಟಿ.ಓ. ಕಚೇರಿ. ಬಳಸಿದ ಕಾರು ಮಾರುವ ಡೀಲರ್‌ಗಳೂ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅಲ್ಲಿಯೇ ಅಧಿಕೃತ ಪತ್ರ ಪಡೆಯಬೇಕು. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ವಿಮಾ ಕಂಪನಿಯ ಮೇಲಿನ ದೂರು ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ'ಕ್ಕೆ. ಸುಳ್ಳು ದಾಖಲೆ ಸೃಷ್ಟಿಸಿದ್ದರೆ ಪೊಲೀಸ್ ಠಾಣೆ. ಹಣ ಪಡೆದು ರಸೀದಿ ಕೊಡದಿರುವುದೂ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರವೇ. 'ಹ್ಯಾಂಡ್ಲಿಂಗ್ ಚಾರ್ಜ್' ಎಂದವನಿಗೆ "ಬಿಲ್ಲಿನಲ್ಲಿ ಬರೆದು ಕೊಡಿ" ಎಂದು ಕೇಳಿ ನೋಡಿ!

ವ್ಯವಸ್ಥೆ ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ದೂರನ್ನು ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ನಡೆಯುವಾಗ ವರ್ಷಗಳೇ ಉರುಳುವುದುಂಟು. ದೊಡ್ಡ ವ್ಯಾಪಾರಿಗೆ ಕಾಯುವ ಶಕ್ತಿಯಿದೆ, ಕಂತು ಕಟ್ಟುವವನಿಗಿಲ್ಲ. ಆದ್ದರಿಂದ ಆಯೋಗಗಳು ಕಾಲಮಿತಿಯನ್ನು ಪಾಲಿಸಲಿ. ಪ್ರತಿ ಷೋರೂಮಿನ ಗೋಡೆಯ ಮೇಲೂ ಜಿಲ್ಲಾ ಆಯೋಗದ ವಿಳಾಸ, 1915 ಎಂಬ ಸಂಖ್ಯೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿರಲಿ. ಶಾಲೆಗಳಲ್ಲಿ ರಜೆಯ ಅರ್ಜಿ ಬರೆಸುವ ನಾವು ಒಂದು ದೂರುಪತ್ರವನ್ನೂ ಬರೆಸೋಣ.

ನನ್ನ ವಿದ್ಯಾರ್ಥಿ ಕೊನೆಗೆ ಪತ್ರ ಬರೆದ. ಎರಡನೆಯ ವಾರದಲ್ಲಿ ಗೇರ್‌ಬಾಕ್ಸ್ ಬದಲಾಯಿತು. ಕಳೆದುಹೋದ ಎರಡು ತಿಂಗಳ ದುಡಿಮೆಯನ್ನು ಯಾರೂ ತುಂಬಿಕೊಡಲಿಲ್ಲ. ಅದನ್ನು ಕೇಳುವ ಹಕ್ಕೂ ಅವನಿಗಿತ್ತು. ಆದರೆ ದುಡಿಮೆ ಬಿಟ್ಟು ಆಯೋಗಕ್ಕೆ ಅಲೆಯಲಾರೆನೆಂದು ಅವನು ಸುಮ್ಮನಾದ. ಹೀಗೆ ಸುಮ್ಮನಾಗುವವರ ಸಂಖ್ಯೆ ಕಡಿಮೆಯಾಗುವವರೆಗೆ, ಏಣಿ ತೆಗೆಯುವವರ ಸಂಖ್ಯೆಯೂ ಕಡಿಮೆಯಾಗಲಾರದು.